ಸೈಟ್ ಇದೆ, ಪಾರ್ಟಿ ಎಲ್ಲಿ?

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಖಾಲಿ ಸೈಟುಗಳ ಕಾಂಪೌಂಡಿನ ಮೇಲೆ ಎರಡು ಬಗೆಯ ಬರಹ ಕಾಣುತ್ತದೆ. ಒಂದು ಕಡೆ ‘ಈ ಸೈಟ್ ಮಾರಾಟಕ್ಕಿದೆ’, ಅದರ ಕೆಳಗೊಂದು ಮೊಬೈಲ್ ನಂಬರ್. ಇನ್ನೊಂದು ಕಡೆ ‘ಈ ಸ್ವತ್ತು ಮಾರಾಟಕ್ಕಿಲ್ಲ’. ಮಾರುವ ಯೋಚನೆಯೇ ಇಲ್ಲದವರು ಹೀಗೆ ಬರೆಸಿ ಹಾಕುವುದಕ್ಕೆ ಕಾರಣವಿದೆ. ನಕಲಿ ದಾಖಲೆ ಹುಟ್ಟಿಸಿ ಯಾರದೋ ಸೈಟನ್ನು ಇನ್ಯಾರಿಗೋ ಮಾರಿಬಿಡುವವರು ಊರಲ್ಲಿದ್ದಾರೆ. ತಮ್ಮದಲ್ಲದ ಜಾಗಕ್ಕೂ ಅವರಿಗೆ ಗಿರಾಕಿ ಸಿಗುತ್ತಾರೆ. ದುಡ್ಡು ಹಾಕಿ ಸೈಟ್ ಕೊಂಡ ಹೂಡಿಕೆದಾರರು ಮಾತ್ರ ತಿಂಗಳುಗಟ್ಟಲೆ ಕಾಯುತ್ತಾರೆ.

ಫೋನ್ ಬರುವುದೇ ಇಲ್ಲ ಎಂದಲ್ಲ. ‘ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ?’ ಎಂದು ಕೇಳಿ ಇಟ್ಟುಬಿಡುವವರು ಬೇಕಾದಷ್ಟು. ‘ನನ್ನ ಹತ್ತಿರ ಪಾರ್ಟಿ ರೆಡಿ ಇದೆ’ ಎನ್ನುವ ಬ್ರೋಕರುಗಳೂ ಬೇಕಾದಷ್ಟು. ಎಷ್ಟು ಕರೆ ಬರುತ್ತವೆ ಎನ್ನುವುದು ಜಾಹೀರಾತಿನ ಮೇಲೆ ನಿಂತಿದೆ. ಅವರಲ್ಲಿ ಎಷ್ಟು ಮಂದಿ ನಿಜಕ್ಕೂ ಕೊಳ್ಳಬಲ್ಲರು ಎನ್ನುವುದು ಸೈಟಿನ ಕಾಗದಪತ್ರದ ಮೇಲೆ. ಹಾಗಾಗಿ ಗಿರಾಕಿ ಹುಡುಕುವ ಕೆಲಸ ಮಾರುವ ದಿನಕ್ಕಲ್ಲ, ಕೊಳ್ಳುವ ದಿನಕ್ಕೇ ಶುರುವಾಗಬೇಕಾಗುತ್ತದೆ.

ಗಡುವು ಯಾರಿಗೆ?

ಸೈಟಿನ ಮೇಲೆ ಹಣ ಹೂಡುವವರಲ್ಲಿ ಎರಡು ಪಂಗಡ. ಪೂರ್ತಿ ಹಣ ಕೊಟ್ಟು ತಮ್ಮ ಹೆಸರಿಗೆ ರಿಜಿಸ್ಟರ್ ಮಾಡಿಸಿಕೊಂಡು ಬೆಲೆ ಏರಲೆಂದು ಕಾಯುವವರು ಮೊದಲನೆಯವರು. ಇವರಿಗೆ ಅವಸರವಿಲ್ಲ. 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭವು ದೀರ್ಘಾವಧಿಯ ಬಂಡವಾಳ ಲಾಭ ಎನಿಸಿಕೊಳ್ಳುತ್ತದೆ. ಅದರ ಮೇಲಿನ ತೆರಿಗೆ ದರ 2024ರ ಜುಲೈ 23ರಿಂದ ಶೇ 12.5. ಹೀಗಾಗಿ ಎರಡು ವರ್ಷ ತುಂಬುವ ಮೊದಲು ಇವರು ಗಿರಾಕಿಗಾಗಿ ಅಷ್ಟಾಗಿ ಓಡಾಡುವುದಿಲ್ಲ.

ಎರಡನೆಯವರ ಪಾಡು ಬೇರೆ. ಮಾಲೀಕರಿಗೆ ಒಂದಿಷ್ಟು ಅಡ್ವಾನ್ಸ್ ಕೊಟ್ಟು, ಮೂರೋ ಆರೋ ತಿಂಗಳ ಗಡುವಿಗೆ ಅಗ್ರಿಮೆಂಟ್ ಹಾಕಿಕೊಂಡು, ಅಷ್ಟರೊಳಗೆ ಹೆಚ್ಚಿನ ಬೆಲೆಗೆ ಬೇರೊಬ್ಬರನ್ನು ಕರೆತರಬೇಕು. ಗಡುವು ಮೀರಿದರೆ ಅಡ್ವಾನ್ಸಿಗೇ ಸಂಚಕಾರ. ಇದರ ಜೊತೆಗೆ ಕಾನೂನಿನ ತೊಡಕೂ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಮಾರಾಟದ ಕರಾರು ಒಂದರಿಂದಲೇ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆಸಿಕೊಂಡು ಕೈ ಬದಲಾಯಿಸಿದರೂ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ವಿಷಯ ತಿಳಿದ ಗಿರಾಕಿ ‘ಮೂಲ ಮಾಲೀಕರು ಎಲ್ಲಿ?’ ಎಂದೇ ಮೊದಲು ಕೇಳುತ್ತಾನೆ. ಅವರನ್ನು ಮರೆಯಲ್ಲಿಟ್ಟು ವ್ಯವಹಾರ ಕುದುರಿಸಲು ಹೊರಟವರು ಅಲ್ಲೇ ಮುಗ್ಗರಿಸುತ್ತಾರೆ.

ಪಕ್ಕದ ಸೈಟಿನವರು

ದೂರಕ್ಕೆ ಜಾಹೀರಾತು ಹಾಕುವ ಮೊದಲು ಪಳಗಿದವರು ಹೋಗುವುದು ಅಕ್ಕಪಕ್ಕದ ಮನೆಗಳಿಗೆ. 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡು ಇಕ್ಕಟ್ಟಿನಲ್ಲಿರುವ ಕುಟುಂಬಕ್ಕೆ ಪಕ್ಕದ 1200 ಚದರಡಿ ಬೇರಾರಿಗಿಂತಲೂ ಹೆಚ್ಚು ಬೆಲೆಬಾಳುತ್ತದೆ. ಮಗನಿಗೊಂದು ಮನೆ, ಕಾರು ನಿಲ್ಲಿಸಲು ಜಾಗ, ಗಾಳಿ ಬೆಳಕಿಗೆ ಅಡ್ಡಿ ಬರುವ ಗೋಡೆಯ ಭಯವಿಲ್ಲ. ಅದೇ ಬಡಾವಣೆಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದು, ಮಕ್ಕಳ ಶಾಲೆಯ ಕಾರಣಕ್ಕೆ ಆ ಪ್ರದೇಶ ಬಿಡಲೊಲ್ಲದವರು ಎರಡನೆಯ ಸಾಲಿನಲ್ಲಿರುತ್ತಾರೆ. ಇವರಿಗೆ ಏರಿಯಾ ಪರಿಚಯ ಮಾಡಿಸಬೇಕಿಲ್ಲ. ಕಾವೇರಿ ನೀರು ಯಾವ ದಿನ ಬರುತ್ತದೆ, ಮಳೆ ಬಂದರೆ ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಎಂಬುದು ಮಾರುವವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮನೆ ಕಟ್ಟಿಸುವ ಕಂಟ್ರ್ಯಾಕ್ಟರುಗಳು, ಸ್ವತ್ತಿನ ಪತ್ರ ಪರಿಶೀಲಿಸುವ ವಕೀಲರು, ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂರುವ ಪತ್ರ ಬರಹಗಾರರು ಇನ್ನೊಂದು ದಾರಿ. ಬೇರೆಡೆ ಸೈಟ್ ನೋಡಿ, ಬ್ಯಾಂಕಿನಿಂದ ಸಾಲ ಸಿಗುತ್ತದೆಂದು ಖಾತ್ರಿಯಾಗಿ, ಕೊನೇ ಗಳಿಗೆಯಲ್ಲಿ ಪತ್ರದ ದೋಷದಿಂದ ವ್ಯವಹಾರ ಮುರಿದುಕೊಂಡವರ ಸುದ್ದಿ ಮೊದಲು ಸಿಗುವುದು ಇವರಿಗೇ. ಹಣ ಹೊಂದಿಸಿ ಆಗಿದೆ, ಮನಸ್ಸೂ ಗಟ್ಟಿಯಾಗಿದೆ, ಸೈಟ್ ಒಂದೇ ಇಲ್ಲ ಎನ್ನುವಂಥ ಒಬ್ಬ ಗಿರಾಕಿ ನೂರು ಫೋನ್ ಕರೆಗಳಿಗೆ ಸಮ.

ಬ್ರೋಕರ್, ಆ್ಯಪ್

ಏರಿಯಾದ ಬ್ರೋಕರನ್ನು ಬಿಟ್ಟು ವ್ಯವಹಾರ ಸಾಗುವುದು ಕಡಿಮೆ. ಶೇ 1 ಅಥವಾ 2ರ ಕಮಿಷನ್‌ಗೆ ಅವರು ಗಿರಾಕಿ ತರುತ್ತಾರೆ, ಬೆಲೆ ಮಾತಾಡುತ್ತಾರೆ, ಎರಡೂ ಕಡೆಯವರ ಸಿಟ್ಟು ತಣಿಸುತ್ತಾರೆ. ಹತ್ತು ಜನ ಬ್ರೋಕರುಗಳಿಗೆ ಹೇಳಿಟ್ಟರೆ ಹತ್ತು ಪಟ್ಟು ಗಿರಾಕಿ ಬರುತ್ತಾರೆ ಎಂಬ ಲೆಕ್ಕ ಮಾತ್ರ ಕೈ ಕೊಡುತ್ತದೆ. ಒಂದೇ ಸೈಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಬೆಲೆಗೆ ಸುತ್ತಾಡತೊಡಗಿದರೆ ಕೊಳ್ಳುವವರು ಕಡಿಮೆ ಬೆಲೆಯನ್ನೇ ಹಿಡಿದು ಕೂರುತ್ತಾರೆ, ಇಲ್ಲವೇ ‘ಇದರಲ್ಲೇನೋ ಲಿಟಿಗೇಷನ್ ಇದೆ’ ಎಂದು ದೂರ ಸರಿಯುತ್ತಾರೆ.

ಆನ್‌ಲೈನ್ ಬಂದಮೇಲೆ ಬ್ರೋಕರಿಲ್ಲದೆಯೂ ಗಿರಾಕಿ ಸಿಗುವ ದಾರಿ ತೆರೆಯಿತು. ನೌಕ್ರಿ ಡಾಟ್ ಕಾಮ್ ನಡೆಸುವ ಇನ್ಫೋ ಎಡ್ಜ್ ಕಂಪನಿ 2005ರಲ್ಲಿ 99ಏಕರ್ಸ್ ಶುರುಮಾಡಿತು. ಮರುವರ್ಷ ಮ್ಯಾಜಿಕ್‌ಬ್ರಿಕ್ಸ್ ಬಂತು. 2014ರಲ್ಲಿ ಆರಂಭವಾದ ಬೆಂಗಳೂರಿನ ನೋಬ್ರೋಕರ್ ಮಾಲೀಕರನ್ನೂ ಗಿರಾಕಿಯನ್ನೂ ನೇರವಾಗಿ ಸೇರಿಸುವುದನ್ನೇ ದಂಧೆ ಮಾಡಿಕೊಂಡು, 2021ರಲ್ಲಿ ನೂರು ಕೋಟಿ ಡಾಲರ್ ಮೌಲ್ಯದ ಕಂಪನಿಯಾಯಿತು. ಇಲ್ಲಿ ಜಾಹೀರಾತು ಹಾಕುವಾಗ ಸೂರ್ಯಾಸ್ತದ ಫೋಟೊಗಿಂತ ಕೆಲಸಕ್ಕೆ ಬರುವುದು ನಿಖರ ವಿವರ: ಅಳತೆ, ದಿಕ್ಕು, ಎದುರಿನ ರಸ್ತೆಯ ಅಗಲ, ಖಾತಾ ಯಾವುದು, ಯಾವ ಪ್ರಾಧಿಕಾರದ ಅನುಮೋದನೆ. ‘ಪೂರ್ವ ದಿಕ್ಕಿನ ಸೈಟ್’ ಎಂದು ಬರೆಯದಿದ್ದರೆ ಅದೇ ಪ್ರಶ್ನೆಗೆ ದಿನವಿಡೀ ಉತ್ತರಿಸುತ್ತ ಕೂರಬೇಕಾಗುತ್ತದೆ.

ಹೊಸ ಲೇಔಟ್ ಮಾಡಿ ಮಾರುವವರಿಗೆ ನಿಯಮ ಇನ್ನೂ ಬಿಗಿ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ (ರೇರಾ) ಕಾಯ್ದೆಯ ಪ್ರಕಾರ, 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಘಟಕಗಳಿರುವ ಯೋಜನೆಯನ್ನು ನೋಂದಾಯಿಸದೆ ಜಾಹೀರಾತನ್ನೇ ಕೊಡುವಂತಿಲ್ಲ. ಅಂಥ ಯೋಜನೆಯ ಸೈಟ್, ಫ್ಲ್ಯಾಟ್ ಮಾರಿಸುವ ಏಜೆಂಟರೂ ರೇರಾದಲ್ಲಿ ನೋಂದಾಯಿಸಿರಬೇಕು. ಲಿಖಿತ ಕರಾರನ್ನು ನೋಂದಾಯಿಸುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ಪ್ರವರ್ತಕರು ಪಡೆಯುವಂತಿಲ್ಲ.

ಖಾತಾ ನೋಡಿ ಗಿರಾಕಿ

ಈಗ ಕಾಗದಪತ್ರದ ಮಾತು. ಎ ಖಾತಾ (ನಿಯಮಬದ್ಧ ಸ್ವತ್ತಿನ ದಾಖಲೆ) ಇರುವ ಸೈಟಿಗೆ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರುತ್ತವೆ. ಬಿ ಖಾತಾ ಎಂದರೆ ಹೆಚ್ಚಿನವು ಹಿಂಜರಿಯುತ್ತವೆ. ಸಂಬಳದ ಮೇಲೆ ಸಾಲ ತೆಗೆದು ಕೊಳ್ಳುವ ದೊಡ್ಡ ವರ್ಗವೇ ಬಿ ಖಾತಾ ಸೈಟಿನ ಗಿರಾಕಿಗಳ ಪಟ್ಟಿಯಿಂದ ಹೊರಬೀಳುತ್ತದೆ. ಉಳಿಯುವುದು ಕೈಯಲ್ಲಿ ಪೂರ್ತಿ ಹಣ ಇರುವವರು, ಅವರು ಬೆಲೆ ಜಗ್ಗದೆ ಬಿಡುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದ್ದರೆ ಒಂದು ಬೆಲೆ, 11ಬಿ ಇದ್ದರೆ ಇನ್ನೊಂದು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಗಿರಾಕಿ ಸಿಕ್ಕಮೇಲೆ ಇ-ಖಾತಾಗೆ ಅರ್ಜಿ ಹಾಕೋಣ ಎಂದುಕೊಂಡವರ ಗಿರಾಕಿ ಅರ್ಜಿ ಮುಗಿಯುವವರೆಗೆ ಕಾಯಬೇಕೆಂದೇನೂ ಇಲ್ಲ.

ಕಾನೂನು ಬದಲಾದರೆ ಕೊಳ್ಳುವವರ ಗುಂಪೇ ಬದಲಾಗುತ್ತದೆ ಎನ್ನುವುದಕ್ಕೆ ಕೃಷಿ ಭೂಮಿ ಒಳ್ಳೆಯ ಉದಾಹರಣೆ. ಕರ್ನಾಟಕದಲ್ಲಿ ಕೃಷಿಕರಲ್ಲದವರು, ಕೃಷಿಯೇತರ ಆದಾಯ 25 ಲಕ್ಷ ರೂಪಾಯಿ ದಾಟಿದವರು ಹೊಲ ಕೊಳ್ಳಲು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ಅಡ್ಡಿಯಾಗಿದ್ದವು. 2020ರಲ್ಲಿ ಅವು ರದ್ದಾದವು. ಅಲ್ಲಿಯವರೆಗೆ ರೈತರಿಗಷ್ಟೇ ಮಾರಬಹುದಾಗಿದ್ದ ಜಮೀನಿಗೆ ಐಟಿ ಉದ್ಯೋಗಿಯೂ ಗಿರಾಕಿಯಾಗಬಹುದಾಯಿತು. ಆದರೆ ಅದೇ ಉದ್ಯೋಗಿ ಅನಿವಾಸಿ ಭಾರತೀಯನಾಗಿದ್ದರೆ ವಿದೇಶಿ ವಿನಿಮಯ ನಿರ್ವಹಣೆ ಕಾಯ್ದೆಯ (ಫೆಮಾ) ನಿಯಮ ತಡೆಯುತ್ತದೆ. ದುಬೈನಲ್ಲೋ ಅಮೆರಿಕದಲ್ಲೋ ನೆಲೆಸಿದ ಕನ್ನಡಿಗರು ಊರಲ್ಲಿ ಮನೆ, ಫ್ಲ್ಯಾಟ್ ಕೊಳ್ಳಬಹುದು; ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ತೋಟ ಮಾರಲು ಅನಿವಾಸಿಗಳ ಬೆನ್ನು ಬೀಳುವುದು ಶುದ್ಧ ದಂಡ.

ಮೂರು ಪ್ರಶ್ನೆ

ಕರೆ ಮಾಡಿದವರಲ್ಲಿ ಗಟ್ಟಿ ಪಾರ್ಟಿ ಯಾರೆಂದು ತಿಳಿಯಲು ಅನುಭವಸ್ಥರು ಮೊದಲ ಮಾತುಕತೆಯಲ್ಲೇ ಮೂರು ಸಂಗತಿ ವಿಚಾರಿಸುತ್ತಾರೆ. ಸ್ವಂತ ಹಣವೋ, ಸಾಲವೋ? ಮನೆಯಲ್ಲಿ ತೀರ್ಮಾನ ಯಾರದು? ಯಾವಾಗ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳುವ ಯೋಚನೆ? ಗಂಡ ಹೆಂಡತಿ ಇಬ್ಬರೂ ನೋಡಿ, ಊರಿಂದ ಹಿರಿಯರು ಬಂದು, ವಾಸ್ತು ಹೇಳುವವರು ಒಪ್ಪುವವರೆಗೆ ಯಾವ ‘ಓಕೆ’ಯೂ ಓಕೆ ಅಲ್ಲ. ‘ಆಷಾಢ ಕಳೀಲಿ’ ಎಂದವರನ್ನು ಶ್ರಾವಣದಲ್ಲಿ ಮತ್ತೆ ಕೇಳಬಹುದು, ಪಟ್ಟಿಯಿಂದ ಅಳಿಸಬೇಕಿಲ್ಲ.

ಹಣದ ಲೆಕ್ಕವನ್ನು ಮೊದಲೇ ಬಿಡಿಸಿ ಹೇಳುವುದೂ ಗಿರಾಕಿಯನ್ನು ಉಳಿಸಿಕೊಳ್ಳುವ ದಾರಿ. 80 ಲಕ್ಷದ ಸೈಟ್ ಎಂದಿಟ್ಟುಕೊಳ್ಳಿ. ನಗರ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6, ಅಂದರೆ 6 ಲಕ್ಷ 8 ಸಾವಿರ ರೂಪಾಯಿ. ಇದನ್ನು ಬಹುಮಟ್ಟಿಗೆ ಗಿರಾಕಿ ತಮ್ಮ ಜೇಬಿನಿಂದಲೇ ತರಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆಯೂ ಕೊಳ್ಳುವವರದೇ. ಟೋಕನ್ ಅಡ್ವಾನ್ಸನ್ನು 20,000 ರೂಪಾಯಿ ಅಥವಾ ಹೆಚ್ಚಿನ ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದವರ ಮೇಲೆ.

ಸಾವಿರಾರು ಮೊಬೈಲ್ ನಂಬರುಗಳ ‘ಡೇಟಾ’ ಕೊಂಡು ಎಲ್ಲರಿಗೂ ಕರೆ ಮಾಡುವ ಅಡ್ಡದಾರಿಯೂ ಇದೆ. ಬೇಡದ ಕರೆಯ ವಿರುದ್ಧ ಯಾರು ಬೇಕಾದರೂ 1909ಕ್ಕೆ ದೂರು ಕೊಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಒಪ್ಪಿಗೆಯನ್ನೇ ಆಧಾರವಾಗಿಟ್ಟುಕೊಂಡಿದೆ. ಹೀಗೆ ಕೊಂಡ ಡೇಟಾಗಿಂತ ಕೆಲಸಕ್ಕೆ ಬರುವ ಪಟ್ಟಿ ಹೂಡಿಕೆದಾರರ ಬಳಿಯೇ ಬೆಳೆಯುತ್ತಿರುತ್ತದೆ. ಈ ಸೈಟನ್ನು ನೋಡಿ, ಪತ್ರ ಓದಿ, ಬೆಲೆಯಲ್ಲೋ ದಿಕ್ಕಿನಲ್ಲೋ ಹೊಂದದೆ ಹಿಂದೆ ಸರಿದವರ ಹೆಸರು, ಅವರು ಕೇಳಿದ ಅಳತೆ, ಇಟ್ಟುಕೊಂಡ ಬಜೆಟ್. ‘ಬೇರೆ ಬಂದರೆ ತಿಳಿಸಿ’ ಎಂದು ಹೇಳಿಹೋದ ಅಂಥವರಿದ್ದರೆ, ಮುಂದಿನ ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲೇ ಅದನ್ನು ಯಾರು ಕೊಳ್ಳಬಹುದೆಂದು ವಿಚಾರಿಸಿ ನೋಡಲು ಸಾಧ್ಯ.