ಮುಳ್ಳನ್ನು ಅರಸಿ ಹೊರಟ ಕಣಗಳು

ಅಂಗಳದಲ್ಲಿ ಆಡುವ ಮಗುವಿನ ಕಾಲಿಗೆ ಮುಳ್ಳು ನೆಟ್ಟರೆ ಮನೆಯವರು ಸೂಜಿಯನ್ನು ಹುಡುಕುತ್ತಾರೆ. ಆ ವೇಳೆಗೆ ಮಗುವಿನ ದೇಹದೊಳಗಿಂದಲೇ ಒಂದು ಪಡೆ ಸದ್ದಿಲ್ಲದೆ ಗಾಯದತ್ತ ಹೊರಟಿರುತ್ತದೆ. ಅವೇ ಬಿಳಿಯ ರಕ್ತಕಣಗಳು.

ಈ ಪಯಣದ ಮರ್ಮವನ್ನು ಕಂಡುಕೊಂಡವನು ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಆತನು ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿದ್ದನು. ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ಸಿನ ಕಪಿಗಳನ್ನು ನೋಡಲು ಹೋಗಿದ್ದರು. ಒಬ್ಬನೇ ಉಳಿದ ಆತನು ನಕ್ಷತ್ರಮೀನಿನ ಪಾರದರ್ಶಕವಾದ ಎಳೆಯ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಅವುಗಳೊಳಗೆ ಕೆಲವು ಜೀವಕೋಶಗಳು ಅತ್ತಿತ್ತ ಸಂಚರಿಸುತ್ತಿದ್ದುವು. ಇವು ದೇಹದ ಕಾವಲುಗಾರರಾಗಿರಬಹುದೆ? ಆತನು ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿಯಲ್ಲಿ ಚುಚ್ಚಿದನು. ಆ ರಾತ್ರಿ ನಿದ್ರೆ ಸುಳಿಯಲಿಲ್ಲ. ಬೆಳಗಾಗುತ್ತಲೇ ನೋಡಿದರೆ, ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದುವು! ಆ ಕಾಣ್ಕೆಯಿಂದ ಆರಂಭವಾದ ಸಂಶೋಧನೆಗೆ 1908ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಪಾಲ್ ಎರ್ಲಿಕ್ ಅದರ ಸಹಭಾಗಿ.

ಕಣ್ಣಿಲ್ಲದ, ಕಾಲಿಲ್ಲದ, ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಗಾತ್ರದ ಕಣವು ದಾರಿ ತಪ್ಪದೆ ಸಾಗುವುದು ಹೇಗೆ?

ಗಾಯದಿಂದ ಹೊರಡುವ ರಾಸಾಯನಿಕ ವಸ್ತುಗಳು ಒಗ್ಗರಣೆಯ ಘಮದಂತೆ ಸುತ್ತಲೂ ಹಬ್ಬುತ್ತವೆ. ಹತ್ತಿರದಲ್ಲಿ ದಟ್ಟ, ದೂರದಲ್ಲಿ ವಿರಳ. ಕಣದ ಮೈಮೇಲಿನ ಗ್ರಾಹಕಗಳು ಅದರ ಎರಡು ಪಕ್ಕಗಳ ನಡುವಣ ಅತ್ಯಲ್ಪ ವ್ಯತ್ಯಾಸವನ್ನೂ ಗುರುತಿಸಬಲ್ಲವು. ದಟ್ಟವಾದ ಕಡೆಯಲ್ಲಿ ಆಕ್ಟಿನ್ ಎಂಬ ಪ್ರೋಟೀನು ಎಳೆಎಳೆಯಾಗಿ ಬೆಳೆದು ಹೊರಪೊರೆಯನ್ನು ಮುಂದಕ್ಕೆ ನೂಕುತ್ತದೆ. ಹಿಂಬದಿಯಲ್ಲಿ ಮಯೋಸಿನ್ ಎಂಬ ಮತ್ತೊಂದು ಪ್ರೋಟೀನು ಆ ಎಳೆಗಳನ್ನು ಸೆಳೆದು, ಬಾಲವನ್ನು ಒಳಗೆಳೆದುಕೊಳ್ಳುತ್ತದೆ. ಮುಂಬದಿ ಚಾಚಿದಂತೆ ಪೊರೆ ಬಿಗಿಯುತ್ತದೆ. ಆ ಬಿಗಿತವೇ ಬೇರೆ ಕಡೆ ಇನ್ನೊಂದು ಚಾಚು ಏಳದಂತೆ ತಡೆಯುತ್ತದೆ. ಒಂದು ರಥಕ್ಕೆ ಇಬ್ಬರು ಸಾರಥಿಗಳಿಲ್ಲ! ಆದ್ದರಿಂದಲೇ ಹಿಡಿದ ದಿಕ್ಕು ಸುಲಭವಾಗಿ ಕದಲದು.

ಈ ನಡೆಗೆ ಅಡ್ಡಿಯಾದರೆ ಆಗುವ ಅನರ್ಥ ಸಾಮಾನ್ಯವಲ್ಲ. ಅಪರೂಪಕ್ಕೆ ಕೆಲವು ಶಿಶುಗಳಲ್ಲಿ, ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಬರುವ ಶಕ್ತಿ ಈ ಕಣಗಳಿಗೆ ಹುಟ್ಟಿನಿಂದಲೇ ಇರುವುದಿಲ್ಲ. ರಕ್ತದಲ್ಲಿ ಕಣಗಳು ತುಂಬಿ ತುಳುಕುತ್ತಿದ್ದರೂ ಗಾಯವನ್ನು ತಲುಪಲಾರವು. ಕೀವು ಕಟ್ಟದು, ಗಾಯ ಮಾಯದು. ಹೊಕ್ಕುಳ ಬಳ್ಳಿ ತಡವಾಗಿ ಉದುರುವುದು ಒಮ್ಮೊಮ್ಮೆ ಇದರ ಮೊದಲ ಸೂಚನೆ. ರೋಗ ತೀವ್ರವಾಗಿದ್ದರೆ ಅಸ್ಥಿಮಜ್ಜೆಯ ಕಸಿಯೇ ಮಗುವನ್ನು ಉಳಿಸುವ ಮುಖ್ಯ ಚಿಕಿತ್ಸೆ.

ಕೀವನ್ನು ಕಂಡರೆ ನಾವು ಮುಖ ಸಿಂಡರಿಸುತ್ತೇವೆ. ಆದರೆ ಅದರಲ್ಲಿ ತುಂಬಿರುವುದು, ದಾರಿ ತಪ್ಪದೆ ಬಂದು, ಹೋರಾಡಿ ಮಡಿದ ಆ ಪುಟ್ಟ ಕಾವಲುಗಾರರೇ.