ಗೊಡ್ಡು ತೊಗರಿ ಮತ್ತು ಒಂದು ಸ್ಟೇಪ್ಲರ್

ಎಳ್ಳ ಅಮಾವಾಸ್ಯೆಯ ದಿನ ಹುಮನಾಬಾದ್ ಸೀಮೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ. ಊರಿಗೆ ಊರೇ ಹೊಲದಲ್ಲಿರುತ್ತದೆ. ಈ ಸಲ ಗೆಳೆಯನೊಬ್ಬನ ಮನೆಯವರು ನನ್ನನ್ನೂ ಕರೆದಿದ್ದರು. ಚರಗ ಚೆಲ್ಲಿ ಆದ ಮೇಲೆ ಬನ್ನಿ ಗಿಡದ ನೆರಳಿಗೆ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡೆವು. ಭಜ್ಜಿಯೊಳಗಿನ ಹಸಿ ತೊಗರಿಕಾಳು ಅದೇ ಹೊಲದ್ದು, ಬೆಳಿಗ್ಗೆಯಷ್ಟೇ ಬಿಡಿಸಿದ್ದು. ಕೈ ತೊಳೆಯುತ್ತಿದ್ದಂತೆ ಗೆಳೆಯನ ತಂದೆ, ಎಪ್ಪತ್ತೈದು ದಾಟಿದ ಮುತ್ಯಾ, "ಬರ್ರಿ ಸರ, ನಿಮಗೊಂದು ತೋರಸ್ತೀನಿ" ಎಂದು ತೊಗರಿ ಸಾಲಿನೊಳಗೆ ಕರೆದೊಯ್ದರು.

ಸುತ್ತಲಿನ ಗಿಡಗಳೆಲ್ಲ ಕಾಯಿ ಕಟ್ಟಿ, ಎಲೆ ಉದುರಿಸಿ, ಕಂದು ಬಣ್ಣಕ್ಕೆ ತಿರುಗಿದ್ದವು. ನಡುವೆ ಒಂದೇ ಒಂದು ಗಿಡ ಮಳೆಗಾಲದಲ್ಲಿದ್ದಂತೆ ಹಸಿರು. ಪೊದೆಯಂತೆ ಕವಲೊಡೆದು, ಸಣ್ಣ ಸಣ್ಣ ಎಲೆ ತುಂಬಿಕೊಂಡು ನಿಂತಿತ್ತು. ಮೊದಲ ನೋಟಕ್ಕೆ ಹೊಲದಲ್ಲೆಲ್ಲ ಅದೇ ಚೆಂದದ ಗಿಡ ಎನಿಸಿತು. ಮುತ್ಯಾ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದರು. ತಿಳಿ ಹಸಿರು, ಕಡು ಹಸಿರು ಚುಕ್ಕೆಗಳು ಕೌದಿಯ ತೇಪೆಯಂತೆ ಹರಡಿದ್ದವು. "ಹೂ ಇಲ್ಲ, ಕಾಯಿ ಇಲ್ಲ. ನೋಡ್ಲಿಕ್ಕ ಚಂದ ಅದ, ಹೊಟ್ಟಿಗಿ ಏನೂ ಇಲ್ಲ. ಇದು ಗೊಡ್ಡು ರೀ" ಎಂದರು. ಅವರ ಅಪ್ಪನ ಕಾಲದಲ್ಲಿ ಕೆಲವು ವರ್ಷ ಅರ್ಧ ಹೊಲ ಹೀಗೇ ನಿಲ್ಲುತ್ತಿತ್ತಂತೆ. ಈಗ ಇಡೀ ಹೊಲಕ್ಕೆ ಒಂದೋ ಎರಡೋ.

ಆ ಗಿಡವನ್ನು ಬುಡಸಮೇತ ಕಿತ್ತು ಬದುವಿಗೆ ಎಸೆದು ಬರುವಾಗ ಮುತ್ಯಾ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಟಿವಿಯಾಗ ನೋಡಿದ್ದೆ, ಗುಜರಾತಿನಾಗ ಆಲೂಗಡ್ಡಿ ಬೆಳದ ರೈತರ ಮ್ಯಾಲ ಕಂಪನಿಯವರು ಕೋಟಿ ರೂಪಾಯಿ ಕೇಸ್ ಹಾಕಿದ್ರು. ನಾ ಮನಿ ಬೀಜ ಬಿತ್ತೀನಿ. ಈ ತೊಗರೀದು ಯಾರ ಮಾಲಕಿ?"

ಮುತ್ಯಾ ಬಿತ್ತುವ ತಳಿ ಆಶಾ. ವಿಜ್ಞಾನಿಗಳ ದಫ್ತರದಲ್ಲಿ ಅದರ ಹೆಸರು ಐಸಿಪಿಎಲ್ 87119. ಅದು ಹುಟ್ಟಿದ್ದು ಬಹಳ ದೂರವೇನಲ್ಲ. ಹುಮನಾಬಾದಿನ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪೂರ್ವಕ್ಕೆ ಹೊರಟು ಮನ್ನಾಎಖೇಳಿ, ಜಹೀರಾಬಾದ್, ಸಂಗಾರೆಡ್ಡಿ ದಾಟಿದರೆ ಪಟಾನ್‌ಚೆರು ಬರುತ್ತದೆ. ಹೈದರಾಬಾದಿಗೆ ಆಸ್ಪತ್ರೆಗೋ ಮದುವೆ ಬಟ್ಟೆಗೋ ಹೋಗುವ ನಮ್ಮ ಜನ ಬಸ್ಸಿನ ಕಿಟಕಿಯಿಂದ ನೋಡುವ ಆ ದೊಡ್ಡ ಆವರಣವೇ ಇಕ್ರಿಸ್ಯಾಟ್. 1972ರಲ್ಲಿ ಶುರುವಾದ, ಒಣಬೇಸಾಯದ ಬೆಳೆಗಳಿಗಾಗಿಯೇ ಇರುವ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಅಲ್ಲಿನ ಜೀನ್ ಬ್ಯಾಂಕಿನಲ್ಲಿ ತೊಗರಿಯದೇ 13 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ.

ಗೊಡ್ಡು ರೋಗದ ಕಥೆ ಹೇಳದೆ ಮಾಲಕಿಯ ಮಾತು ಆಡಲಾರೆ. ಆ ಕಥೆಯ ಮೇಲೆ ನನಗೆ ಪ್ರೀತಿ ಹೆಚ್ಚು.

ಈ ರೋಗವನ್ನು ವಿಜ್ಞಾನ ಮೊದಲು ದಾಖಲಿಸಿದ್ದು 1931ರಲ್ಲಿ, ಬಿಹಾರದ ಪೂಸಾದಲ್ಲಿ. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಒಂದು ನುಸಿ, ಅಸೇರಿಯಾ ಕಜಾನಿ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಉದ್ದ. ಬರಿಗಣ್ಣಿಗೆ ಕಾಣದು. ರೆಕ್ಕೆ ಇಲ್ಲ, ಗಾಳಿ ಬೀಸಿದತ್ತ ಹೋಗುತ್ತದೆ. ತೊಗರಿ ಮತ್ತು ಅದರ ಕಾಡು ಬಳಗವನ್ನು ಬಿಟ್ಟು ಬೇರೆಲ್ಲೂ ಬಾಳುವುದಿಲ್ಲ. ನುಸಿ ಹೊತ್ತು ತರುವುದು ಏನನ್ನು ಎಂಬುದು ಮಾತ್ರ ಸುಮಾರು ಎಪ್ಪತ್ತು ವರ್ಷ ಯಾರಿಗೂ ಸಿಗಲಿಲ್ಲ. ಅದೊಂದು ವೈರಸ್ ಎಂದು ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ಗುರುತಿಸುವ ಹೊತ್ತಿಗೆ 2000ನೇ ಇಸವಿ ಬಂದಿತ್ತು.

ಆದರೆ ರೋಗ ತಡೆಯುವ ತಳಿಗಳು ಅದಕ್ಕೂ ಮುಂಚೆಯೇ ರೈತರ ಕೈ ಸೇರಿದ್ದವು. ಶತ್ರು ಯಾರೆಂದು ತಿಳಿಯದೆ ಗೆದ್ದದ್ದು ಹೇಗೆ? ಉತ್ತರ ಗೊತ್ತಾದಾಗ ನಾನು ಓದುತ್ತಿದ್ದ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸ್ಟೇಪ್ಲರ್. ಕಾಗದಕ್ಕೆ ಪಿನ್ನು ಹೊಡೆಯುವ, ಪ್ರತಿ ಪಂಚಾಯಿತಿ ಕಚೇರಿಯ ಮೇಜಿನ ಮೇಲಿರುವ ಅದೇ ಸ್ಟೇಪ್ಲರ್.

ಸಾವಿರಾರು ತೊಗರಿ ಮಾದರಿಗಳಲ್ಲಿ ಯಾವುದು ರೋಗಕ್ಕೆ ಬಗ್ಗುವುದಿಲ್ಲ ಎಂದು ಹುಡುಕಬೇಕಾದರೆ ಪ್ರತಿಯೊಂದಕ್ಕೂ ರೋಗ ಅಂಟಿಸಿ ನೋಡಬೇಕು. ಕಣ್ಣಿಗೆ ಕಾಣದ ನುಸಿಯನ್ನು ಸಾವಿರಾರು ಸಸಿಗಳ ಮೇಲೆ ಬಿಡುವುದು ಹೇಗೆ? ಇಕ್ರಿಸ್ಯಾಟಿನ ವಿಜ್ಞಾನಿಗಳಾದ ವೈ.ಎಲ್. ನೆನೆ ಮತ್ತು ಎಂ.ವಿ. ರೆಡ್ಡಿ 1976ರಲ್ಲಿ ಪ್ರಕಟಿಸಿದ ಉಪಾಯ ಹೀಗಿದೆ: ಗೊಡ್ಡು ಗಿಡದ ಒಂದು ಎಲೆ ಕಿತ್ತು, ಆಗಷ್ಟೇ ಎರಡೆಲೆ ಬಿಟ್ಟ ಎಳೆ ಸಸಿಯ ಎಲೆಗೆ ಮಡಚಿ ಸುತ್ತಿ, ಒಂದು ಪಿನ್ನು ಹೊಡೆದುಬಿಡಿ. ರೋಗದ ಎಲೆ ಬಾಡುತ್ತಾ ಬಂದಂತೆ ಅದರಡಿಯ ನುಸಿಗಳು ತಾವಾಗಿಯೇ ಹಸಿ ಎಲೆಗೆ ದಾಟುತ್ತವೆ. ಆ ಸಸಿ ದೊಡ್ಡದಾಗಿ ಹೂ ಬಿಟ್ಟರೆ ಅದು ಗಟ್ಟಿ ತಳಿ, ಬಿಡದಿದ್ದರೆ ಕೈಬಿಡಿ.

ಅಷ್ಟೇ ಉಪಾಯ. ಪ್ರಯೋಗಾಲಯದ ದೊಡ್ಡ ಯಂತ್ರ ಬೇಕಿಲ್ಲ, ಕರೆಂಟೂ ಬೇಕಿಲ್ಲ. ಶಾಲೆ ಕಲಿಯದ ಕೂಲಿ ಹೆಣ್ಣುಮಗಳೂ ಅರ್ಧ ತಾಸಿನಲ್ಲಿ ಕಲಿಯಬಹುದಾದ ಕೈಕೆಲಸ. ಈ ನೆನೆಯವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇಕ್ರಿಸ್ಯಾಟಿಗೆ ಬರುವ ಮುಂಚೆ ಪಂತ್‌ನಗರದಲ್ಲಿದ್ದಾಗ, ಭತ್ತದ ಖೈರಾ ಎಂಬ ರೋಗ ನಿಜಕ್ಕೂ ರೋಗವಲ್ಲ, ಮಣ್ಣಿನಲ್ಲಿ ಸತುವಿನ ಕೊರತೆ ಎಂದು ತೋರಿಸಿಕೊಟ್ಟವರು ಅವರೇ. ಮುಂದೆ ಸಿಕಂದರಾಬಾದಿನಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಕಟ್ಟಿ, ವೃಕ್ಷಾಯುರ್ವೇದದಂಥ ಹಳೆಯ ಕೃಷಿ ಗ್ರಂಥಗಳನ್ನು ಹೊರತಂದರು. ಇಂಥವರ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಬರಬೇಕು.

ಈಗ ಅದೇ ಕಾಲದ ಇನ್ನೊಂದು ಲೋಕ ನೋಡಿ. ವಂಶವಾಹಿಯನ್ನು ಕತ್ತರಿಸಿ ಬೇರೊಂದು ಜೀವಿಗೆ ಜೋಡಿಸುವ ಕೋಹೆನ್ ಮತ್ತು ಬಾಯರ್ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1980ರಲ್ಲಿ. ಅದೇ ವರ್ಷ ಬಂಗಾಳದ ಆನಂದ ಮೋಹನ ಚಕ್ರವರ್ತಿ ರೂಪಿಸಿದ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೊಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ಹೇಳಿತು. ಜೀವಿಯೂ ಸ್ವತ್ತಾಗಬಹುದು ಎಂಬ ಬಾಗಿಲು ತೆರೆದದ್ದು ಅಲ್ಲಿ. ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ವಿಧಾನದ ಪೇಟೆಂಟನ್ನು ಒಂದು ಔಷಧ ಕಂಪನಿ 1991ರಲ್ಲಿ 30 ಕೋಟಿ ಡಾಲರಿಗೆ ಕೊಂಡಿತು. ಲೋಹದ ಕಣಗಳಿಗೆ ಡಿಎನ್‌ಎ ಸವರಿ ಗಿಡದ ಜೀವಕೋಶಕ್ಕೆ ಹೊಡೆಯುವ ಜೀನ್ ಗನ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು, ಅದಕ್ಕೂ ಪೇಟೆಂಟ್ ಆಯಿತು. ಇವು ದೊಡ್ಡ ಆವಿಷ್ಕಾರಗಳು, ಕಂಡುಹಿಡಿದವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ನಮ್ಮ ತಟ್ಟೆಯ ಬೇಳೆಯನ್ನು ಗೊಡ್ಡು ರೋಗದಿಂದ ಉಳಿಸಿಕೊಟ್ಟದ್ದು ಬಂದೂಕಲ್ಲ, ಪಿನ್ನು. ಆ ಉಪಾಯ ಪತ್ರಿಕೆಯಲ್ಲಿ ಪ್ರಕಟವಾಯಿತು, ಬೇಕಾದವರು ಬಳಸಿದರು.

ಆ ಜರಡಿಯಲ್ಲಿ ಉಳಿದ ತಳಿಗಳಲ್ಲೊಂದು ಆಶಾ. 1993ರಲ್ಲಿ ಬಿಡುಗಡೆಯಾಯಿತು. ಗೊಡ್ಡು ರೋಗ, ನೆಟೆ ರೋಗ ಎರಡನ್ನೂ ತಡೆಯುವುದೇ ಅದರ ಹೆಚ್ಚುಗಾರಿಕೆ. ವೈರಸ್ಸಿನ ಎಲ್ಲ ಬಗೆಗೂ ಒಂದೇ ತಳಿ ಜಗ್ಗದೆ ನಿಲ್ಲುತ್ತದೆ ಎನ್ನಲಾಗದು. ಪಟಾನ್‌ಚೆರುವಿನ ಬಗೆಗಿಂತ ಬೆಂಗಳೂರಿನ ಬಗೆ ಜೋರು. 2011ರಲ್ಲಿ ರಾಜೀವ್ ವಾರ್ಷ್ಣೇಯ ನೇತೃತ್ವದ ತಂಡ ತೊಗರಿಯ ಜೀನೋಮ್ ಓದಿದಾಗ ಆರಿಸಿಕೊಂಡದ್ದೂ ಈ ಆಶಾ ತಳಿಯನ್ನೇ. 11 ಜೊತೆ ಕ್ರೋಮೋಸೋಮುಗಳಲ್ಲಿ 48,680 ವಂಶವಾಹಿಗಳನ್ನು ಅಂದಾಜಿಸಿದರು. ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿಜ್ಞಾನಿಗಳೂ ಅದೇ ಹೊತ್ತಿಗೆ ಅದೇ ತಳಿಯನ್ನು ಓದಿದ್ದರು. ಆ ಓದು ಸಾರ್ವಜನಿಕ. ಅಂದರೆ ಮುತ್ಯಾನ ಹೊಲದ ಸಾಲಿನಲ್ಲಿ ನಿಂತಿದ್ದ ತೊಗರಿಯ ವಂಶದ ಪುಸ್ತಕವನ್ನು ಜಗತ್ತಿನ ಯಾವ ವಿದ್ಯಾರ್ಥಿಯಾದರೂ ದುಡ್ಡು ಕೊಡದೆ ತೆರೆದು ಓದಬಹುದು.

ಇನ್ನು ಮಾಲಕಿ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಂ, 2002ರ ತಿದ್ದುಪಡಿಯಾದ ಮೇಲೆ, ಸ್ಪಷ್ಟವಾಗಿದೆ: ಗಿಡ, ಪ್ರಾಣಿ, ಬೀಜ, ತಳಿ ಇವಕ್ಕೆ ಪೇಟೆಂಟ್ ಇಲ್ಲ. ಸೂಕ್ಷ್ಮಜೀವಿಗಳಿಗೆ ಉಂಟು. ಪ್ರಯೋಗಾಲಯದಲ್ಲಿ ಕಟ್ಟಿದ ವಂಶವಾಹಿಯನ್ನು ಬೀಜದೊಳಗೆ ಸೇರಿಸಿದರೆ ಏನು ಎಂಬುದೇ ಗಂಟು. ಬಿಟಿ ಹತ್ತಿಯ ಮೇಲಿನ ಮಾನ್ಸಾಂಟೊ ಪೇಟೆಂಟನ್ನು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರ ಏಪ್ರಿಲ್‌ನಲ್ಲಿ ಇದೇ ಕಲಮಿನಡಿ ರದ್ದು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶ ಬದಿಗಿಟ್ಟು, ಪೂರ್ಣ ವಿಚಾರಣೆ ನಡೆಯಲಿ ಎಂದಿತು. 2021ರಲ್ಲಿ ಎರಡೂ ಕಡೆಯವರು ಹೊರಗೇ ರಾಜಿಯಾದರು. ಮೂಲ ಪ್ರಶ್ನೆಗೆ ತೀರ್ಪು ಸಿಗದೇ ಹೋಯಿತು. 1998ರಲ್ಲಿ ರಾಯಚೂರು ಜಿಲ್ಲೆಯ ಹತ್ತಿ ಹೊಲದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬಿಟಿ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಾಗ ಎತ್ತಿದ ಪ್ರಶ್ನೆಯೂ ಅದೇ ಆಗಿತ್ತು. ಅದಕ್ಕೆ ನ್ಯಾಯಾಲಯದಿಂದ ಒಂದು ಖಚಿತ ಉತ್ತರ ಬರಲೇಬೇಕಿತ್ತು ಎಂದು ನನ್ನ ಅಭಿಪ್ರಾಯ.

ತೊಗರಿಯ ಮಟ್ಟಿಗೆ ಆ ಗಂಟು ಇಲ್ಲ. ಬೇಸಾಯಕ್ಕೆ ಅನುಮತಿ ಪಡೆದ ಕುಲಾಂತರಿ ತೊಗರಿ ನಮ್ಮ ದೇಶದಲ್ಲಿಲ್ಲ. ಇಕ್ರಿಸ್ಯಾಟಿನ ಬೀಜ ಸಂಗ್ರಹವೂ ಅಂತರರಾಷ್ಟ್ರೀಯ ಒಪ್ಪಂದದಡಿ ಎಲ್ಲರಿಗಾಗಿ ಕಾಯ್ದಿಟ್ಟದ್ದು. ಅಲ್ಲಿಂದ ಪಡೆದ ಬೀಜವನ್ನು ಪಡೆದ ರೂಪದಲ್ಲೇ ತನ್ನದೆಂದು ಯಾರೂ ಕಟ್ಟಿಹಾಕುವಂತಿಲ್ಲ.

ಗುಜರಾತಿನ ಆಲೂಗಡ್ಡೆ ಪ್ರಕರಣ ಪೇಟೆಂಟಿನದಲ್ಲ. ತಳಿ ನೋಂದಣಿಯ ಹಕ್ಕಿನ ಮೇಲೆ 2019ರಲ್ಲಿ ಪೆಪ್ಸಿಕೋ ಹೂಡಿದ ದಾವೆ ಅದು. ದೇಶದ ತುಂಬ ವಿರೋಧ ಎದ್ದ ಮೇಲೆ ಕಂಪನಿ ಹಿಂದೆ ಸರಿಯಿತು. ರೈತರ ಬೆನ್ನಿಗೆ ನಿಂತದ್ದು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ. ನೋಂದಾಯಿತ ತಳಿಯೇ ಆದರೂ ರೈತ ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಬದಲಿ ಮಾಡಿಕೊಳ್ಳಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡಿನ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರಬಾರದು ಅಷ್ಟೇ.

ಇದನ್ನೆಲ್ಲ ಬನ್ನಿ ಗಿಡದಡಿ ಕೂತು ಹೇಳಿ ಮುಗಿಸಿದಾಗ ಮುತ್ಯಾ, "ಅಂದ್ರ ನಂದೇ ಆತು" ಎಂದು ನಕ್ಕರು. ಸಂಜೆ ಮನೆಗೆ ಬಂದ ಮೇಲೆ ಅವರ ಮನೆಯಾಕೆ, ನಾವೆಲ್ಲ ಆಯಿ ಎನ್ನುವವರು, ಒಳಗಿನಿಂದ ಒಂದು ಹಳೆಯ ತಗಡಿನ ಡಬ್ಬಿ ತಂದರು. ಬೂದಿಯಲ್ಲಿ ಹೊರಳಿಸಿ, ಬೇವಿನ ಎಲೆ ಹಾಕಿ ಇಟ್ಟ ಬಿಳಿ ತೊಗರಿ. ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಬೂದಿ ಒರೆಸಿದಾಗ ಕೆನೆ ಬಣ್ಣದ, ಕಣ್ಣಿನ ಹತ್ತಿರ ಸಣ್ಣ ಕಂದು ಗೆರೆಯಿದ್ದ ಕಾಳು. ಅವರ ತವರಿನಿಂದ ಬಂದದ್ದು. ಪ್ರತಿ ವರ್ಷ ಬೇರೆ ತೊಗರಿಯಿಂದ ದೂರದ ತುಂಡು ಹೊಲದಲ್ಲಿ ನಾಲ್ಕು ಸಾಲು ಹಾಕಿ, ನಡುವಿನ ಗಿಡಗಳಿಂದಷ್ಟೇ ಬೀಜ ತೆಗೆಯುತ್ತಾರೆ. "ಅಂಚಿನ ಗಿಡಕ್ಕ ಜೇನ ಮುಟ್ಟಿರ್ತಾವ, ಕೆಂಪು ಕೂಡ್ತದ" ಎಂದರು. ತೊಗರಿಯಲ್ಲಿ ಜೇನಿನಿಂದ ಅಡ್ಡ ಪರಾಗಸ್ಪರ್ಶ ಆಗುತ್ತದೆ, ಬೀಜದ ಶುದ್ಧತೆಗೆ ಅಂತರ ಕಾಯಬೇಕು ಎಂದು ಕೃಷಿ ಪುಸ್ತಕಗಳು ಹೇಳುವುದೂ ಇದನ್ನೇ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಈ ವರ್ಷವೇ ಒಂದು ಕೆಲಸ ಮಾಡಿ. ಅದೇ 2001ರ ಕಾಯ್ದೆಯಡಿ ತಳಿ ನೋಂದಣಿಗೆಂದು ಮೊಟ್ಟಮೊದಲು ಪ್ರಕಟವಾದ 12 ಬೆಳೆಗಳಲ್ಲೇ ತೊಗರಿ ಇದೆ, ಜೋಳ, ಹೆಸರು, ಉದ್ದು, ಕಡಲೆಯೂ ಇವೆ. ತಲೆಮಾರುಗಳಿಂದ ಕಾಯ್ದುಕೊಂಡು ಬಂದ ತಳಿಯನ್ನು ರೈತರ ತಳಿ ಎಂದು ನಿಮ್ಮ ಅಥವಾ ನಿಮ್ಮ ಊರಿನ ಹೆಸರಿನಲ್ಲಿ ಬರೆಸಬಹುದು. ಅರ್ಜಿಯ ವಿಚಾರವನ್ನು ಬೀದರ್ ಬಳಿಯ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕಾಯ್ದೆಯ 44ನೇ ಕಲಮಿನ ಪ್ರಕಾರ ರೈತರಿಗೆ ಇದಕ್ಕೆ ಯಾವ ಶುಲ್ಕವೂ ಇಲ್ಲ.