ನಕ್ಷೆಯ ಮೂಲೆಯ ಹೆಸರನ್ನು ಮರೆಸಬಹುದೆ?



ಸಂಘದ ಜಾಲತಾಣದಲ್ಲಿ ಗೋದಾಮಿನ ದಾರಿ ತೋರಿಸುವ ನಕ್ಷೆಯ ಮೂಲೆಯಲ್ಲಿ ಗೂಗಲ್ ಹೆಸರೇಕೆ, ಸಂಘದ ಮುದ್ರೆ ಇರಬಾರದೆ ಎಂದು ಕೆಲವರು ಕೇಳಿದ್ದರು. ತಾಣ ಸಿದ್ಧಪಡಿಸಿದ ಹುಡುಗ ಆ ಹೆಸರಿನ ಮೇಲೆ ನಮ್ಮ ಮುದ್ರೆಯನ್ನು ಹೊದಿಸಿಯೇ ಬಿಟ್ಟ. ಚೆನ್ನಾಗಿದೆ ಎಂದು ನಾವೂ ಒಪ್ಪಿದೆವು. ಷರತ್ತುಗಳನ್ನು ಓದಿದ್ದು ಆಮೇಲೆ.

ಗೂಗಲ್ ನಕ್ಷೆಯನ್ನು ಪುಟದಲ್ಲಿ ಅಳವಡಿಸಲು ಹಣ ಕೊಡಬೇಕಿಲ್ಲ. ಹಾಗೆಂದು ನಕ್ಷೆ ನಮ್ಮದಾಗುವುದಿಲ್ಲ. ಅದರ ಲಾಂಛನವನ್ನಾಗಲಿ ಹಕ್ಕುಸ್ವಾಮ್ಯದ ಸಾಲನ್ನಾಗಲಿ ತೆಗೆಯಕೂಡದು, ಮುಚ್ಚಕೂಡದು, ತಿದ್ದಕೂಡದು. ಅಳಿಸಿಲ್ಲ, ಹೊದಿಸಿದ್ದೇವೆ ಅಷ್ಟೆ ಎಂಬ ಸಮಜಾಯಿಷಿ ನಡೆಯದು. ಹಣ ತೆತ್ತು ಬಳಸುವವರಿಗೂ ಇದೇ ಕಟ್ಟಳೆ.

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆ ಬಗೆಯದು. ಊರೂರಿನ ಸ್ವಯಂಸೇವಕರು ರಸ್ತೆ, ಹಳ್ಳ, ಸೇತುವೆಗಳನ್ನು ಗುರುತಿಸಿ ಕೂಡಿಸಿದ ನಕ್ಷೆ. ಸಹಕಾರಿಗಳಾದ ನಮಗೆ ಹತ್ತಿರದ್ದೆನ್ನಬಹುದು. ಅಲ್ಲಿ ಲಾಂಛನ ಕಡ್ಡಾಯವಲ್ಲ, ಆದರೆ ಮೂಲವನ್ನು ಹೆಸರಿಸುವ ಸಾಲು ಓದುಗರ ಕಣ್ಣಿಗೆ ಬೀಳುವಂತಿರಲೇಬೇಕು. ಆ ನಕ್ಷೆಯನ್ನು ಪುಟದಲ್ಲಿ ತೋರಿಸುವ ಲೀಫ್‌ಲೆಟ್ ಎಂಬ ಸಲಕರಣೆಯ ಹೆಸರನ್ನು ಬೇಕಾದರೆ ತೆಗೆಯಬಹುದು. ಎರಡೂ ಒಂದೇ ಸಾಲಿನಲ್ಲಿರುವುದರಿಂದ ಹಲವರು ಎರಡನ್ನೂ ಕಿತ್ತುಹಾಕುತ್ತಾರೆ, ತಪ್ಪಾಗುವುದು ಅಲ್ಲಿಯೇ.

ಚಿಕ್ಕಮಗಳೂರು ಅರೇಬಿಕಾ, ಶಿರಸಿ ಅಡಿಕೆಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಸಂಭ್ರಮಿಸಿದವರು ನಾವು. ನಮ್ಮ ಮೂಟೆಯ ಮೇಲಿನ ಊರಿನ ಹೆಸರಿಗೆ ಇನ್ನೊಬ್ಬರು ಚೀಟಿ ಅಂಟಿಸಿದರೆ ಸುಮ್ಮನಿರುತ್ತೇವೆಯೆ?

ಹೊದಿಕೆಯನ್ನು ತೆಗೆಸಿದ್ದೇವೆ. ಸಂಘದ ಮುದ್ರೆ ಈಗ ನಕ್ಷೆಯ ಹೊರಗೆ, ಪುಟದ ತಲೆಭಾಗದಲ್ಲಿದೆ. ಹೋಂಸ್ಟೇಗೆಂದು ಸ್ವಂತ ತಾಣ ಮಾಡಿಸಿಕೊಂಡಿರುವ ಸದಸ್ಯರು ತಮ್ಮ ನಕ್ಷೆಯ ಮೂಲೆಯನ್ನು ಒಮ್ಮೆ ನೋಡಿಕೊಳ್ಳಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ